ಓಬೋ ಹಿಡಿದು ಅಬುಧಾಬಿಗೆ

ನಾನು ಮೈಸೂರಿನ ಒಂದು ಬ್ಯಾಂಡಿನಲ್ಲಿ ಮೂವತ್ತೊಂದು ವರ್ಷ ಓಬೋ ನುಡಿಸಿ ನಿವೃತ್ತನಾದವನು. ಓಬೋ ಎಂದರೇನು ಎಂದು ಕೇಳುವವರಿಗೆ ನಾಗಸ್ವರದ ದೂರದ ನೆಂಟ ಎಂದು ಹೇಳಿ ಮುಗಿಸುತ್ತೇನೆ. ಕಪ್ಪು ಮರದ ಸಪೂರ ಕೊಳವೆ, ಮೈತುಂಬ ಬೆಳ್ಳಿ ಬಣ್ಣದ ಕೀಲಿಗಳು, ಬಾಯಿಗಿಡುವ ತುದಿಯಲ್ಲಿ ಜೊಂಡಿನ ಎರಡು ಎಸಳು ಸೇರಿಸಿ ದಾರ ಸುತ್ತಿದ ರೀಡು. ಭಾನುವಾರ ಸಂಜೆ ಪಾರ್ಕಿನ ಮಂಟಪದಲ್ಲಿ ನಾವು ನುಡಿಸುತ್ತಿದ್ದ ತುಣುಕುಗಳಲ್ಲಿ ನಾರ್ವೆ ದೇಶದ ಒಂದು ‘ಬೆಳಗು’ ಇತ್ತು. ಮೊದಲು ಕೊಳಲು ಒಂದು ಸಾಲು ಹೇಳುತ್ತದೆ, ಅದೇ ಸಾಲನ್ನು ಆಮೇಲೆ ಓಬೋ ಹೇಳುತ್ತದೆ. ಹೀಗೆ ಒಬ್ಬರ ಕೈಯಿಂದ ಒಬ್ಬರಿಗೆ ದಾಟುತ್ತಾ ಹೊತ್ತು ಏರುತ್ತದೆ. ಅದು ಯಾವುದೋ ಹಳೆಯ ಪದ್ಯನಾಟಕಕ್ಕೆ ಬರೆದ ಸಂಗೀತ ಎಂದು ಹಾಳೆಯ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿತ್ತು. ಯಾವ ನಾಟಕ, ಅದರಲ್ಲಿ ಬೆಳಗಾಗುವುದು ಯಾರಿಗೆ ಎಂದು ನಾನು ವಿಚಾರಿಸಿದವನಲ್ಲ. ನಾರ್ವೆ ಅಂದಮೇಲೆ ಹಿಮ ಇರಲೇಬೇಕು. ಹಿಮದ ಬೆಟ್ಟದ ಮೇಲೆ ಎಳೆಬಿಸಿಲು ಬೀಳುವುದನ್ನು ಮನಸ್ಸಿನಲ್ಲಿಟ್ಟುಕೊಂಡು ಅಷ್ಟೂ ವರ್ಷ ಊದಿದೆ.

ನಿವೃತ್ತನಾಗಿ ಎರಡು ವರ್ಷವಾದ ಮೇಲೆ ಅಬುಧಾಬಿಯಿಂದ ವಿಲ್ಫ್ರೆಡ್‌ನ ಫೋನ್ ಬಂತು. ವಿಲ್ಫ್ರೆಡ್ ಮೂಲ್ಕಿಯ ಹತ್ತಿರದವನು. ಮೈಸೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದುವಾಗ ನಮ್ಮ ಕ್ವಾರ್ಟರ್ಸ್ ಪಕ್ಕದ ಹಾಸ್ಟೆಲಿನಲ್ಲಿದ್ದ. ಚರ್ಚಿನಲ್ಲಿ ಪಿಟೀಲು ಕಲಿತಿದ್ದ. ಸಂಜೆ ನಮ್ಮ ಮನೆಗೆ ಬಂದು ನನ್ನ ಜೊತೆ ನುಡಿಸುತ್ತಾ, ತಾಳ ಎಣಿಸುವುದನ್ನೂ ಸುಮ್ಮನಿರಬೇಕಾದಲ್ಲಿ ಸುಮ್ಮನಿರುವುದನ್ನೂ ಕಲಿತ. ಈಗ ಅಬುಧಾಬಿಯ ಒಂದು ಹೋಟೆಲಿನಲ್ಲಿ ಕೆಲಸ. ರಜೆಯ ದಿನ ಹವ್ಯಾಸಿಗಳ ಆರ್ಕೆಸ್ಟ್ರಾ ಒಂದರಲ್ಲಿ ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾ ನುಡಿಸುತ್ತಾನೆ.

“ಸರ್, ನಮ್ಮ ಓಬೋದವರು ಖಾಯಂ ಊರಿಗೆ ಹೋದ್ರು. ನಿಮ್ಮ ಆ ಬೆಳಗು ಉಂಟಲ್ಲ, ಆ ನಾಟಕದ ಮ್ಯೂಸಿಕ್ಕೇ ಮಾಡುವುದು ಈ ಸಲ. ನೀವು ಬರ್ಲೇಬೇಕು,” ಅಂದ.

ನಾನು ಹಿಂದೆಮುಂದೆ ನೋಡಿದೆ. ನನ್ನ ಹೆಂಡತಿ ಸಾವಿತ್ರಿ ನೋಡಲಿಲ್ಲ. “ಹೋಗ್ಬನ್ನಿ. ನೀವಿಲ್ಲಿ ಊದಕ್ಕೆ ಶುರು ಮಾಡಿದ್ರೆ ಪಕ್ಕದ ಮನೆ ನಾಯಿ ಊಳಿಡತ್ತೆ. ಅದಕ್ಕೂ ಎರಡು ವಾರ ಆರಾಮವಾಗಿರತ್ತೆ,” ಅಂದಳು.

ಎಲೆಕ್ಟ್ರಾ ಸ್ಟ್ರೀಟ್

ರೀಡನ್ನು ಹೆರೆದು ಸರಿಮಾಡುವ ಪುಟ್ಟ ಚಾಕು ನನ್ನ ಕೈಚೀಲದಲ್ಲೇ ಉಳಿದುಬಿಟ್ಟಿತ್ತು. ವಿಮಾನ ಹತ್ತುವ ಮೊದಲೇ ಅದನ್ನು ತೆಗೆದಿಟ್ಟುಕೊಂಡರು. ಗೊಂದಲ ಶುರುವಾದದ್ದು ಅಲ್ಲಿಂದ.

ವಿಲ್ಫ್ರೆಡ್‌ನ ಫ್ಲ್ಯಾಟು ಎಲೆಕ್ಟ್ರಾ ಸ್ಟ್ರೀಟಿನಲ್ಲಿ, ಒಂಬತ್ತನೆಯ ಮಹಡಿಯಲ್ಲಿ. ಅವನ ಹೆಂಡತಿ ಜೆಸಿಂತಾ ಆಸ್ಪತ್ರೆಯೊಂದರಲ್ಲಿ ನರ್ಸ್. ಹನ್ನೆರಡು ವರ್ಷದ ಮಗಳು ರಿಯಾ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಪೆಟ್ಟಿಗೆ ತೆರೆದು ಓಬೋ ಜೋಡಿಸುವುದನ್ನು ಬಗ್ಗಿ ನೋಡಿ, “ಅಂಕಲ್, ಈಸ್ ಇಟ್ ಫಾರ್ ಸ್ನೇಕ್ಸ್?” ಎಂದು ಕೇಳಿದಳು.

ಹಾವು ಬರುವಂತೆ ಊದುವ ಸ್ಥಿತಿಯಲ್ಲೂ ನಾನಿರಲಿಲ್ಲ. ಒಳಗೆ ಏಸಿ ಹಗಲಿರುಳೂ ಓಡುತ್ತದೆ, ಹೊರಗೆ ಕಾಲಿಟ್ಟರೆ ಕನ್ನಡಕದ ಮೇಲೆ ಹಬೆ ಕೂರುತ್ತದೆ. ಮೈಸೂರಿನ ಹವೆಗೆ ಒಗ್ಗಿದ ನನ್ನ ಮೂರು ರೀಡುಗಳಲ್ಲಿ ಎರಡು ಮರುದಿನ ಬೆಳಿಗ್ಗೆಯೇ ಸೀಳಿದ್ದವು. ವಿಲ್ಫ್ರೆಡ್ ಡ್ಯೂಟಿಗೆ ಹೋಗಿದ್ದ. ಹೊಸದನ್ನು ನಾನೇ ಹುಡುಕಿ ತರೋಣವೆಂದು ರಸ್ತೆಗಿಳಿದೆ. ಸಾಲು ಸಾಲು ಅಂಗಡಿಗಳು, ಎಲ್ಲಾ ಮೊಬೈಲು, ಚಾರ್ಜರು, ಸ್ಪೀಕರು. ಒಂದರಲ್ಲಿ “ರೀಡ್ ಬೇಕು” ಅಂದೆ. ಅಂಗಡಿಯವನು ಕಂಪ್ಯೂಟರಿಗೆ ಚುಚ್ಚುವ ಕಾರ್ಡ್ ರೀಡರ್ ತಂದಿಟ್ಟ. ಅಲ್ಲ, ಬಾಯಿಗೆ ಇಡುವುದು ಎಂದು ಕೈಸನ್ನೆ ಮಾಡಿ ತೋರಿಸಿದೆ. ಅವನು ಯೋಚಿಸಿ, “ಓ, ರೀಡಿಂಗ್!” ಎಂದು ಎದುರು ಸಾಲಿಗೆ ಕಳಿಸಿದ. ಅಲ್ಲಿದ್ದದ್ದು ಕನ್ನಡಕದ ಅಂಗಡಿ. ಮಲಯಾಳಿ ಮಾಲೀಕ ನನ್ನನ್ನು ಕೂರಿಸಿ, ಓದುವ ಕನ್ನಡಕ ತೊಡಿಸಿ, ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಲು ಶುರುಮಾಡಿದರು. ಕೊನೆಯ ಸಾಲಿನವರೆಗೂ ಓದಿದೆ. ಅಷ್ಟು ಪ್ರೀತಿಯಿಂದ ಕೂರಿಸಿದವರಿಗೆ ನಡುವೆ ಬೇಡ ಎನ್ನುವುದು ಹೇಗೆಂದು ತಿಳಿಯಲಿಲ್ಲ.

ಸಂಜೆ ಜೆಸಿಂತಾ ಅಡುಗೆಮನೆಯ ಚಾಕುವಿಗೆ ಸಾಣೆ ಹಿಡಿದು ಕೊಟ್ಟಳು. ಉಳಿದ ಒಂದೇ ರೀಡನ್ನು ನೀರಲ್ಲಿ ನೆನೆಸಿ, ಉಸಿರು ಬಿಗಿಹಿಡಿದು ಹೆರೆದೆ. ಧ್ವನಿ ಬಂತು.

ಉದ್ಯಾನವನ

ರಿಹರ್ಸಲ್ ಇರುವುದು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಎಂದು ವಿಲ್ಫ್ರೆಡ್ ಹೇಳಿದ್ದ. ಪಾರ್ಕ್ ಅಂದದ್ದೇ ನನ್ನ ಕಣ್ಣೆದುರು ಮಂಟಪ, ಹುಲ್ಲು, ಕಡಲೆಕಾಯಿ ಮಾರುವವರು ಎಲ್ಲಾ ಬಂದರು. ಬ್ಯಾಂಡಿನ ಕಾಲದ ಬಿಳಿ ಶೂ ತೊಟ್ಟು ಹೊರಟೆ. ಒಂದೂವರೆ ತಾಸು ನೆಟ್ಟಗೆ ಓಡಿದ ಕಾರು ನಿಂತದ್ದು ಒಂದು ಗೋದಾಮಿನ ಮುಂದೆ. ಸುತ್ತಲೂ ಅಂಥವೇ ಗೋದಾಮುಗಳು, ಲಾರಿಗಳು, ಒಂದು ಕಾರ್ಖಾನೆಯಿಂದ ಬರುತ್ತಿದ್ದ ಅಂಟಿನ ವಾಸನೆ. ಹುಡುಕಿದರೂ ಒಂದು ಗಿಡವಿಲ್ಲ.

“ಪಾರ್ಕ್ ಎಲ್ಲಪ್ಪಾ?” ಅಂದೆ.

“ಇದೇ ಸರ್ ಪಾರ್ಕ್. ಯಲ್ಲಾ, ಇಳಿಯಿರಿ,” ಎಂದು ಅಲ್ಲಿಯ ಅರಬ್ಬಿ ಬೆರೆಸಿ ಅವಸರಿಸಿದ.

ಒಳಗೆ ಅಲ್ಯೂಮಿನಿಯಂ ಕಿಟಕಿಯ ಚೌಕಟ್ಟುಗಳನ್ನು ಒಂದು ಕಡೆ ಒಟ್ಟಿ, ಉಳಿದ ಜಾಗದಲ್ಲಿ ಮೂವತ್ತು ಕುರ್ಚಿ ಹಾಕಿದ್ದರು. ಗೋದಾಮಿನ ಮಾಲೀಕರು ಗೋವಾದವರು, ಆರ್ಕೆಸ್ಟ್ರಾದಲ್ಲಿ ಡೋಲು ಬಾರಿಸುತ್ತಾರೆ. ಕೊಳಲಿನವರು ಫಿಲಿಪ್ಪೀನ್ಸಿನ ಒಬ್ಬ ದಂತವೈದ್ಯೆ. ಎಲ್ಲರನ್ನೂ ನಡೆಸುವವರು ಇಂಗ್ರಿಡ್ ಎಂಬ ನಾರ್ವೆಯ ಹೆಂಗಸು, ನನ್ನ ವಯಸ್ಸಿನವರು, ಊರಲ್ಲಿ ಶಾಲೆಯ ಸಂಗೀತ ಶಿಕ್ಷಕಿಯಾಗಿದ್ದು ಈಗ ಮಗಳ ಮನೆಯಲ್ಲಿ ಇರುವವರು.

ಬೆಳಗು ಶುರುವಾಯಿತು. ದಂತವೈದ್ಯೆ ಸಾಲು ಮುಗಿಸಿ ನನಗೆ ಬಿಟ್ಟರು. ನಾನು ಕಣ್ಣು ಮುಚ್ಚಿ ನನ್ನ ಹಿಮದ ಬೆಟ್ಟವನ್ನು ಕರೆದುಕೊಂಡು ಊದಿದೆ. ಇಂಗ್ರಿಡ್ ಕೋಲಿನಿಂದ ಸ್ಟ್ಯಾಂಡ್ ತಟ್ಟಿ ನಿಲ್ಲಿಸಿದರು.

“ತುಂಬಾ ಚೆನ್ನಾಗಿದೆ. ಆದರೆ ಯಾಕಿಷ್ಟು ಚಳಿ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ಹಿಮ ಅಲ್ಲವೇ ಮೇಡಂ? ನಾರ್ವೆ?”

ಅವರು ನಕ್ಕರು. ಈ ಬೆಳಗಾಗುವುದು ನಾರ್ವೆಯಲ್ಲಲ್ಲ, ಆಫ್ರಿಕದ ಮರಳುಗಾಡಿನ ಅಂಚಿನಲ್ಲಿ ಅಂದರು. ಕಥೆಯ ನಾಯಕ ದೊಡ್ಡ ಸುಳ್ಳುಗಾರ, ಅಲೆಮಾರಿ. ಊರು ಬಿಟ್ಟು ಹೋಗಿ ಅಲ್ಲಿ ಹಣ ಮಾಡಿರುತ್ತಾನೆ, ಕಳೆದುಕೊಳ್ಳುತ್ತಾನೆ. ಈ ಸಂಗೀತ ಮುಗಿದು ಸ್ವಲ್ಪ ಹೊತ್ತಿಗೆ ಮರ ಹತ್ತಿ ಕೋತಿಗಳ ಜೊತೆ ಜಗಳವಾಡುತ್ತಿರುತ್ತಾನೆ.

ಕೋತಿಗಳು! ಮೂವತ್ತೊಂದು ವರ್ಷ ಪಾರ್ಕಿನ ಬೆಂಚುಗಳ ಮೇಲೆ ಕೂತಿದ್ದ ಮೈಸೂರಿನ ಜನಕ್ಕೆ ನಾನು ಊದಿ ತೋರಿಸಿದ್ದ ಹಿಮದ ಗತಿಯೇನು? ಹೊರಗೆ ನಲವತ್ತು ಡಿಗ್ರಿ ಬಿಸಿಲಲ್ಲಿ ನಿಂತು ಬಂದರೆ ಸರಿಹೋಗಬಹುದು ಎಂದು ಇಂಗ್ರಿಡ್ ತಮಾಷೆ ಮಾಡಿದರು. ನಾನು ಬಿಡುವಿನಲ್ಲಿ ನಿಜವಾಗಿಯೂ ಹೋಗಿ ನಿಂತೆ. ಬಿಳಿ ಶೂ ಬೂದುಬಣ್ಣಕ್ಕೆ ತಿರುಗಿತೇ ಹೊರತು ಬೇರೇನೂ ಆಗಲಿಲ್ಲ. ಮರಳಿನ ಮೇಲೆ ಬೆಳಗಾಗುವುದನ್ನು ನಾನು ನೋಡಿದವನೇ ಅಲ್ಲ. ನಾನು ಏಳುವ ಹೊತ್ತಿಗೆ ಇಲ್ಲಿ ಉರಿಬಿಸಿಲು.

ಅಲ್ ಮೀನಾ

ಗುರುವಾರ ಸಂಜೆ ವಿಲ್ಫ್ರೆಡ್ ಮೀನು ತರಲು ಬಂದರಿನ ಪಕ್ಕದ ಅಲ್ ಮೀನಾ ಮಾರುಕಟ್ಟೆಗೆ ಕರೆದುಕೊಂಡು ಹೋದ. ಕೆರೆಮೀನು ಮಾತ್ರ ತಿಂದು ಗೊತ್ತಿದ್ದ ನನಗೆ ಆ ಮಂಜುಗಡ್ಡೆಯ ರಾಶಿಯ ಮೇಲೆ ಮಲಗಿದ್ದವುಗಳ ಹೆಸರು ಒಂದೂ ತಿಳಿಯದು. ವಿಲ್ಫ್ರೆಡ್ ಅಂಜಲ್ ಆರಿಸಿ, ಕತ್ತರಿಸಲು ಕೊಟ್ಟು, ರಶೀದಿ ಹಿಡಿದು ನಿಂತಿದ್ದ. ಐದು ಗಂಟೆಗೆ ಅವನ ಫೋನ್ ಬಡಿದುಕೊಂಡಿತು.

ಅವನ ಕೊಂಕಣಿ ನನಗೆ ಅರ್ಧಂಬರ್ಧ ಅರ್ಥವಾಗುತ್ತದೆ. ಆದರೆ ಅಂದು ಕೇಳಿಸಿದ್ದು ಸರಿಯೇ ಎಂದು ನನ್ನ ಕಿವಿಯನ್ನೇ ನಂಬಲಾಗಲಿಲ್ಲ. “ಮಾಂಯ್, ನಾನು ಮೂಲ್ಕಿಯಲ್ಲಿದ್ದೇನೆ. ಬಸ್ಸಿಗೆ ಕಾಯ್ತಾ ಇದ್ದೇನೆ. ಹಾಂ, ಹಾಂ, ಜನ ಗಲಾಟೆ, ಮೀನು ಮಾರ್ಕೆಟ್ ಹತ್ತಿರವೇ ನಿಂತದ್ದು. ನೀನು ಒಳಗೆ ಹೋಗಿ ಕೂತ್ಕೋ. ಈಗ ಬಂದೆ.” ಸುತ್ತಲೂ ಬಾಂಗ್ಲಾದವರು ಕೂಗುತ್ತಾ ಮೀನು ಕಡಿಯುತ್ತಿದ್ದರು. ಇವನು ಮೂಲ್ಕಿಯಲ್ಲಿ ನಿಂತಿದ್ದ.

ಕಾರಿಗೆ ಬಂದ ಮೇಲೆ ಕೇಳಿಯೇಬಿಟ್ಟೆ. “ಏನಪ್ಪಾ ಅದು? ತಾಯಿಗೆ ಅಂಥ ಸುಳ್ಳು ಯಾಕೆ ಹೇಳ್ತೀಯ?”

ಅವನು ಸ್ಟಿಯರಿಂಗ್ ಹಿಡಿದುಕೊಂಡೇ ಹೇಳಿದ. ಅವನ ತಾಯಿ ಸೆವ್ರಿನ್ ಬಾಯಿಗೆ ಎರಡು ವರ್ಷದಿಂದ ಮರೆವಿನ ಕಾಯಿಲೆ. ನೋಡಿಕೊಳ್ಳಲು ಅಣ್ಣ ಮತ್ತು ಅತ್ತಿಗೆ ಲಿಲ್ಲಿ ಇದ್ದಾರೆ. ಇಲ್ಲಿ ಐದಾದಾಗ ಊರಲ್ಲಿ ಆರೂವರೆ; ದಿನಾ ಹೊತ್ತು ಮುಳುಗುವ ಆ ಹೊತ್ತಿಗೆ ಅಮ್ಮನಿಗೆ ತಳಮಳ ಶುರುವಾಗುತ್ತದೆ. ಮಗ ವಿಲ್ಲಿ ಮೂಲ್ಕಿಯ ಕಾಲೇಜಿನಿಂದ ಇನ್ನೂ ಬರಲಿಲ್ಲವೆಂದು ಗೇಟಿನಲ್ಲಿ ನಿಲ್ಲುತ್ತಾರೆ. ಒಮ್ಮೆ ಹುಡುಕಿಕೊಂಡು ರಸ್ತೆಗೆ ಹೋಗಿ ಬಸ್ಸಿನ ಅಡಿಗೆ ಬೀಳುವುದರಲ್ಲಿದ್ದರು.

“ನಮ್ಮ ಊರಿನವರಿಗೆ ಗಲ್ಫ್ ಎಲ್ಲಾ ದುಬೈಯೇ ಸರ್. ದುಬೈಯಲ್ಲಿದ್ದೇನೆ ಅಂತ ಹೇಳಿದ್ರೆ ನಂಬುದಿಲ್ಲ, ಅಳ್ತಾರೆ. ಬಸ್ಸಿಗೆ ಕಾಯ್ತಿದ್ದೇನೆ ಅಂದ್ರೆ ಒಳಗೆ ಬಂದು ಕೂತ್ಕೊಳ್ತಾರೆ. ಹತ್ತು ನಿಮಿಷದಲ್ಲಿ ಕೇಳಿದ್ದೇ ಮರೆತುಹೋಗ್ತದೆ.”

“ಹೋಗಿ ಬರಬಾರದೇನೋ? ರಜ ಸಿಗಲ್ವಾ?”

“ರಜೆ ಉಂಟು ಸರ್.” ಅವನು ಮುಖ ಆ ಕಡೆ ತಿರುಗಿಸಿದ. “ಡಿಸೆಂಬರಿನಲ್ಲಿ ಹೋಗಿದ್ದೆ. ಈ ನರೆತ ತಲೆ ನೋಡಿ ಹೆದರಿದ್ರು. ಯಾರಿದು, ನನ್ನ ಮಗ ಬರುವ ಹೊತ್ತಾಯ್ತು, ಇವರನ್ನು ಹೊರಗೆ ಕಳಿಸು ಅಂತ ಲಿಲ್ಲಿ ಅತ್ತಿಗೆಗೆ ಹೇಳಿದ್ರು. ನಾನು ಜಗಲಿಯಲ್ಲಿ ನಿಂತು ಅವರ ಮೊಬೈಲಿಗೆ ಫೋನ್ ಮಾಡಿದೆ. ಫೋನಿನಲ್ಲಿ ಗುರ್ತ ಸಿಕ್ಕಿತು. ಒಳಗೆ ಹೋದ್ರೆ ಸಿಗ್ಲಿಲ್ಲ. ಮತ್ತೆ ಹೋಗ್ಲಿಕ್ಕೆ ಧೈರ್ಯ ಇಲ್ಲ ಸರ್.”

ಅವನು ಮಾಡುತ್ತಿರುವುದು ಸರಿಯೋ ತಪ್ಪೋ, ನಾನೇ ಅವನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆನೋ, ಎಷ್ಟು ಯೋಚಿಸಿದರೂ ಒಂದು ತುದಿ ಕೈಗೆ ಸಿಗಲಿಲ್ಲ.

ಟೀ ಬಿಡುವು

ಶುಕ್ರವಾರ ಗೋದಾಮಿನಲ್ಲಿ ಕೊನೆಯ ರಿಹರ್ಸಲ್. ನಾಟಕದಲ್ಲಿ ನಾಯಕನ ತಾಯಿ ಸಾಯುವ ಸನ್ನಿವೇಶಕ್ಕೊಂದು ಸಂಗೀತವಿದೆ. ಅದರಲ್ಲಿ ತಂತಿವಾದ್ಯಗಳು ಮಾತ್ರ, ಊದುವವರಿಗೆ ಕೆಲಸವಿಲ್ಲ. ನಮ್ಮನ್ನೆಲ್ಲ ಟೀಗೆ ಕಳಿಸಿದರು. ವಿಲ್ಫ್ರೆಡ್ ತನ್ನ ಫೋನನ್ನು ನನ್ನ ಕೈಗಿಟ್ಟು, “ಅಮ್ಮನದು ಬಂದ್ರೆ ಹತ್ತು ನಿಮಿಷದಲ್ಲಿ ಮಾಡ್ತಾನೆ ಅಂತ ಹೇಳಿ ಸರ್,” ಅಂದ.

ಹೊರಡುತ್ತಿದ್ದ ನನಗೆ ಇಂಗ್ರಿಡ್ ತಂತಿಯವರಿಗೆ ಹೇಳುತ್ತಿದ್ದದ್ದು ಕೇಳಿಸಿತು. ಇದನ್ನು ಅಳುತ್ತಾ ನುಡಿಸಬೇಡಿ ಅಂದರು. ಸಾಯುವ ತಾಯಿಯ ಮಂಚದ ತುದಿಯಲ್ಲಿ ಕೂತು ಮಗ ಮಂಚವನ್ನೇ ಹಿಮದ ಮೇಲೆ ಓಡುವ ಗಾಡಿ ಮಾಡಿಬಿಡುತ್ತಾನೆ. ಅರಮನೆಯ ಔತಣಕ್ಕೆ ಹೋಗುತ್ತಿದ್ದೇವೆ, ಕುದುರೆ ಓಡುತ್ತಿದೆ, ದೀಪಗಳು ಕಂಡವು ಎಂದು ಒಂದೇ ಸಮನೆ ಸುಳ್ಳು ಹೇಳುತ್ತಾನೆ. ಆ ಸುಳ್ಳಿನಲ್ಲಿ ಕೂತೇ ತಾಯಿ ಹೊರಟುಹೋಗುತ್ತಾಳೆ.

ನಾನು ವಿಲ್ಫ್ರೆಡ್‌ನ ಕಡೆ ನೋಡಿದೆ. ಅವನು ತಲೆ ತಗ್ಗಿಸಿ ಕಮಾನಿಗೆ ರಾಳ ತಿಕ್ಕುತ್ತಿದ್ದ.

ಹೊರಗೆ ಲಾರಿಗಳ ನೆರಳಲ್ಲಿ ಟೀ ಲೋಟ ಹಿಡಿದು ನಿಂತಿದ್ದೆ. ಸರಿಯಾಗಿ ಐದಕ್ಕೆ ಫೋನ್ ಬಂತು.

“ಅಮ್ಮಾ, ನಾನು ವಿಲ್ಫ್ರೆಡ್ ಅಲ್ಲ. ಅವನ ಮೇಷ್ಟ್ರು, ಮೈಸೂರಿನೋನು,” ಅಂದೆ.

ಆ ಕಡೆ ಕೊಂಕಣಿ ನಿಂತು ಕನ್ನಡ ಶುರುವಾಯಿತು. “ಮೈಸೂರಿನ ಸರ್ರಾ? ಊದುವ ಸರ್? ವಿಲ್ಲಿಯ ಕಾಗದದಲ್ಲೆಲ್ಲ ನಿಮ್ಮದೇ ಸುದ್ದಿ. ನಿಮ್ಮ ಹೆಂಡತಿ ಅವನಿಗೆ ಚಪಾತಿ ಕೊಡ್ತಿದ್ರಂತೆ. ಅವರು ಹೇಗಿದ್ದಾರೆ?”

“ಚೆನ್ನಾಗಿದಾಳಮ್ಮ.” ಮರೆವಿನವರು ಎಂದು ನಾನು ಎಣಿಸಿದ್ದವರು ಸಾವಿತ್ರಿಯ ಚಪಾತಿಯನ್ನೂ ನೆನಪಿಟ್ಟಿದ್ದರು.

“ಅವನೆಲ್ಲಿ?”

ಹತ್ತು ನಿಮಿಷದಲ್ಲಿ ಮಾಡುತ್ತಾನೆ ಎಂದಷ್ಟೇ ಹೇಳಿದ್ದರೆ ಸಾಕಿತ್ತು. ಗೇಟು, ರಸ್ತೆ, ಬಸ್ಸು ಎಲ್ಲಾ ಒಟ್ಟಿಗೆ ನೆನಪಾಯಿತು. “ಬರ್ತಾ ಇದಾನೆ ಕಣಮ್ಮ. ಬಸ್ಸು ಹತ್ತಿದ,” ಅಂದುಬಿಟ್ಟೆ.



“ಎಂತ ಸರ್, ನೀವು ಕೂಡ!” ಅಂದರು. “ಅವನು ದುಬೈಯಲ್ಲಿ ಅಲ್ವಾ? ನನಗೆ ಎಲ್ಲಾ ದಿನ ಗೊತ್ತಿರುದಿಲ್ಲ. ಇವತ್ತು ಗೊತ್ತುಂಟು.”

“ತಪ್ಪಾಯ್ತಮ್ಮ. ಮತ್ತೆ ದಿನಾ ಅವನು ಹಾಗೆ ಹೇಳಿದ್ರೆ ನೀವು...”

“ಹೂಂ ಹೇಳ್ತೇನೆ. ಪಾಪ, ಅಷ್ಟು ದೂರ ಇದ್ದು ನನಗೋಸ್ಕರ ಸುಳ್ಳು ಹೇಳ್ತಾನೆ. ಅದೂ ಬೇಡ ಅಂದ್ರೆ ಅವನೆಂತ ಮಾಡುವುದು? ನೀವು ಅವನಿಗೆ ಹೇಳ್ಬೇಡಿ ಸರ್.”

ಹೇಳುವುದಿಲ್ಲ ಅಂದೆ. ಒಳಗಿನಿಂದ ಆ ತಂತಿಗಳ ಸಂಗೀತ ಕೇಳಿಸುತ್ತಿತ್ತು, ಒಂದೇ ಸಾಲು ಮತ್ತೆ ಮತ್ತೆ, ಪ್ರತಿ ಸಲ ತುಸು ಬೇರೆಯಾಗಿ. ಅಮ್ಮ ಫೋನ್ ಇಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬೇರೆಯೇ ದನಿಯಲ್ಲಿ, ಸಣ್ಣ ಹುಡುಗಿಯಂತೆ ಕೇಳಿದರು:

“ಬಸ್ ಎಲ್ಲಿಗೆ ಮುಟ್ಟಿತು?”

ತಮಾಷೆಗೆ ಕೇಳಿದರೋ, ಅಷ್ಟರಲ್ಲಿ ಎಲ್ಲಾ ಮರೆತುಹೋಗಿತ್ತೋ, ಈಗಲೂ ನನಗೆ ತಿಳಿಯದು. ಆ ಕಡೆಯ ಊರುಗಳಲ್ಲಿ ನನಗೆ ಗೊತ್ತಿದ್ದದ್ದು ಒಂದೇ. “ಮೂಲ್ಕಿ ದಾಟಿತಮ್ಮ,” ಅಂದೆ.

ದುಬೈ, ಭಾನುವಾರ

ಕಛೇರಿ ಮಧ್ಯಾಹ್ನ ಮೂರಕ್ಕೆ, ಒಂದು ಶಾಲೆಯ ಸಭಾಂಗಣದಲ್ಲಿ. ಎರಡು ದಿನ ನನಗೆ ಸರಿಯಾಗಿ ನಿದ್ದೆಯಿರಲಿಲ್ಲ. ಮಾತು ಕೊಟ್ಟಿದ್ದೆ, ಅದು ನಿಜ. ಆದರೆ ಒಬ್ಬರಿಗಾಗಿ ಒಬ್ಬರು ನಟಿಸುತ್ತಲೇ ದಿನ ಕಳೆದುಹೋದರೆ? ತಾಯಿಗೆ ಮಗ ಯಾರೆಂದು ತಿಳಿಯುವ ದಿನಗಳು ಇನ್ನೂ ಇವೆ. ಅವು ಎಷ್ಟು ಉಳಿದಿವೆಯೋ ಯಾರಿಗೆ ಗೊತ್ತು?

ಬೆಳಗನ್ನು ಹಿಮದಲ್ಲಿ ಊದಿದೆನೋ ಮರಳಿನಲ್ಲಿ ಊದಿದೆನೋ ನೆನಪಿಲ್ಲ. ಒಂದು ಕಡೆ ಅರ್ಧ ತಾಳ ಮುಂಚೆ ನುಗ್ಗಿದೆ. ದಂತವೈದ್ಯೆ ಕಣ್ಣರಳಿಸಿದರೂ ಸಾವರಿಸಿಕೊಂಡರು. ಆಮೇಲೆ ತಾಯಿಯ ಸಂಗೀತ ಬಂತು. ನಾವು ಊದುವವರು ವಾದ್ಯ ಮಡಿಲಲ್ಲಿಟ್ಟು ಕೂತೆವು. ವಿಲ್ಫ್ರೆಡ್‌ನ ಕೈ ಅಲುಗದೆ ಕಮಾನು ಎಳೆಯುತ್ತಿತ್ತು. ಇಂಗ್ರಿಡ್ ಹೇಳಿದ ಹಾಗೆಯೇ, ಮುಖದಲ್ಲಿ ಅಳುವಿಲ್ಲ. ಅದನ್ನು ನೋಡುತ್ತಾ, ಅವನಿಗೆ ಹೇಳಿಬಿಡುವುದೆಂದು ನಾನು ತೀರ್ಮಾನಿಸಿದೆ.

ಮರಳುವ ದಾರಿಯಲ್ಲಿ ಜೆಸಿಂತಾ, ರಿಯಾ ಹಿಂದಿನ ಸೀಟಿನಲ್ಲಿದ್ದರು. ಪೆಟ್ರೋಲ್ ಬಂಕಿನಲ್ಲಿ ಅವರು ಕಾಫಿ ತರಲು ಇಳಿದಾಗ ಎಲ್ಲವನ್ನೂ ಹೇಳಿದೆ.

“ನಂಗೆ ಗೊತ್ತಿದೆ, ಹೇಳಬೇಡಿ ಅಂದ್ರಪ್ಪ. ಹೇಳಿಬಿಟ್ಟೆ. ಬೈಯೋದಾದ್ರೆ ಬೈಯಿ.”

ವಿಲ್ಫ್ರೆಡ್ ಬೈಯಲಿಲ್ಲ. “ಎಷ್ಟು ದಿನದಿಂದ ಗೊತ್ತಂತೆ?” ಅಂದ.

“ಕೇಳಲಿಲ್ಲ.”

“ಅವರಿಗೆ ನಿಜವಾಗಿ ಗೊತ್ತಾ, ಅಲ್ಲ ಆ ಎರಡು ನಿಮಿಷಕ್ಕೆ ಮಾತ್ರವಾ?”

“ಅದೂ ಗೊತ್ತಾಗಲಿಲ್ಲ ಕಣಪ್ಪಾ.”

ಅಷ್ಟರಲ್ಲಿ ಡ್ಯಾಶ್‌ಬೋರ್ಡಿನ ಮೇಲಿದ್ದ ಫೋನ್ ಬಡಿದುಕೊಂಡಿತು. ಐದು ಗಂಟೆ. ಅವನು ಅದನ್ನು ಎತ್ತದೆ ನೋಡುತ್ತಾ ಕೂತ. ಕೊನೆಗೆ ಎತ್ತಿ, ನನಗೂ ಅರ್ಥವಾಗುವಷ್ಟು ನಿಧಾನವಾಗಿ ಹೇಳಿದ: “ಮಾಂಯ್, ನಾನು ಅಬುಧಾಬಿಯ ರಸ್ತೆಯಲ್ಲಿದ್ದೇನೆ. ಊರಿನಲ್ಲಿಲ್ಲ.”

ತಾಯಿ ಏನೋ ಕೇಳಿದರು. ಅವನು ಫೋನಿಗೆ ಕೈ ಅಡ್ಡ ಹಿಡಿದ. ಅಬುಧಾಬಿ ಯಾರ ಮನೆ ಎಂದು ಕೇಳುತ್ತಿದ್ದಾರೆ ಎಂದು ನನಗೆ ಹೇಳಿದ.

ಇಲ್ಲದ ಆಸೆ ಹುಟ್ಟಿಸಿದೆನೇ? ಆದರೆ ವಿಲ್ಫ್ರೆಡ್ ಫೋನಿನಲ್ಲಿ ಮುಂದುವರಿಸಿದ್ದ: “ಅದು ನನ್ನ ಮನೆ. ಇಲ್ಲಿಂದ ಹೊರಟು ಬರ್ತೇನೆ. ಇವತ್ತಲ್ಲ, ಮಂಗಳವಾರ.” ಫೋನ್ ಇಟ್ಟು, ಮುಖ ಒರೆಸಿಕೊಂಡು, “ಖಲಾಸ್ ಸರ್. ಹೋಗ್ತೇನೆ. ಗುರ್ತ ಸಿಕ್ಕಿದ್ರೂ ಸರಿ, ಸಿಗದಿದ್ರೂ ಸರಿ,” ಅಂದ.

ಮನೆಯವನಿಲ್ಲದ ಮನೆಯಲ್ಲಿ

ಹೀಗೆ ನನ್ನನ್ನು ಕರೆಸಿಕೊಂಡವನು ಊರಿಗೆ ಹೋದ, ನಾನು ಅವನ ಮನೆಯಲ್ಲಿ ಉಳಿದೆ. ನನ್ನ ಟಿಕೆಟ್ ಶುಕ್ರವಾರಕ್ಕಿತ್ತು. ಜೆಸಿಂತಾ ಡ್ಯೂಟಿಗೆ ಹೋದರೆ, ಶಾಲೆಯಿಂದ ಬಂದ ರಿಯಾಳೂ ನಾನೂ ಇಬ್ಬರೇ. ಅವಳು ನನಗೆ ಲಿಫ್ಟಿನಲ್ಲಿ ಅಪರಿಚಿತರಿಗೆ ಗುಡ್ ಮಾರ್ನಿಂಗ್ ಹೇಳಬೇಕಾಗಿಲ್ಲ ಎಂದು ಕಲಿಸಿದಳು. ನಾನು ಅವಳಿಗೆ ಓಬೋದಿಂದ ಒಂದು ಸ್ವರ ತೆಗೆಯುವುದನ್ನು ಕಲಿಸಿದೆ. ಕೆಳಗಿನ ಮನೆಯವರು ವಾಚ್‌ಮನ್‌ನನ್ನು ಕಳಿಸಿದರು.

ಬುಧವಾರ ಮಧ್ಯಾಹ್ನ ವಿಲ್ಫ್ರೆಡ್‌ನ ಫೋನ್ ಬಂತು. ಜೆಸಿಂತಾ ಸ್ಪೀಕರಿಗೆ ಹಾಕಿ ಊಟದ ಮೇಜಿನ ಮೇಲಿಟ್ಟಳು. ಮೂವರೂ ಅದರ ಸುತ್ತ ಬಗ್ಗಿದೆವು.

“ಗುರ್ತ ಸಿಕ್ಕಿತಾ?” ಜೆಸಿಂತಾ ಕೇಳಿದಳು.

“ಗೊತ್ತಿಲ್ಲ ಮಾರಾಯ್ತಿ,” ಅಂದ. ದನಿ ಒದ್ದೆಯಾಗಿತ್ತು, ಆದರೆ ನಗುತ್ತಿದ್ದ ಹಾಗೂ ಇತ್ತು. “ಜಗಲಿಯಲ್ಲಿ ಕೂತಿದ್ರು. ತುಂಬ ಹೊತ್ತು ನನ್ನನ್ನೇ ನೋಡಿದ್ರು. ಹೆದರಲಿಲ್ಲ. ನೀವು ಯಾವ ಮನೆಯವರು ಅಂತ ಕೇಳಿದ್ರು. ನಾನು ಇದೇ ಮನೆಯವನು ಅಂದೆ.”

“ಮತ್ತೆ?” ರಿಯಾ ಕೇಳಿದಳು, ಕನ್ನಡದಲ್ಲಿ.

“ಹಾಗಾದ್ರೆ ನಿಂತದ್ದು ಯಾಕೆ, ಕೂತ್ಕೊಳ್ಳಿ ಅಂದ್ರು. ಕೂತಿದ್ದೇನೆ.”